ಕುಂಟು ಕೊಕ್ಕರೆಯ ಬಿಯರು ದಣಿದಿದೆ

ಬೆಳಿಗ್ಗೆಯಿಂದ ಡಿಲಿಸ್ ಹಾಡಿಕೊಳ್ಳುತ್ತಿದ್ದಳು, ಅದನ್ನು ಕೇಳಿಯೇ ಅಂಬ್ರೋಸನ ಮೈ ಉರಿಯುತ್ತಿತ್ತು. ಅವನು ನೆಲಮಾಳಿಗೆಯ ಇಟ್ಟಿಗೆ ನೆಲದ ಮೇಲೆ ಮಂಡಿಯೂರಿ, ಅಡ್ಡ ಮಲಗಿಸಿದ ಪೀಪಾಯಿಯ ಬೆನ್ನಿನಿಂದ ಮರದ ಬೆಣೆ ಕಿತ್ತು, ಆ ತೂತಿಗೆ ಮೂಗು ಹಚ್ಚಿ ಕೂತಿದ್ದ. ತಲೆಯ ಮೇಲೆ, ಹಲಗೆಗಳ ಆಚೆ, ಹೆಂಡತಿಯ ಹೆಜ್ಜೆ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು. ಕುರ್ಚಿ ಎಳೆಯುವ ಸದ್ದು, ಲೋಟ ಜೋಡಿಸುವ ಸದ್ದು, ನಡುವೆ ಆ ಹಾಡು. ಹಬ್ಬವಂತೆ ಹಬ್ಬ. ಯಾರ ಹಬ್ಬ ಇದು? ಅವನು ಉಸಿರನ್ನು ಹೊಟ್ಟೆಯ ಆಳದವರೆಗೆ ಎಳೆದುಕೊಂಡ. ತಣ್ಣನೆ ಗಾಳಿ ಬಂತು. ಅಷ್ಟೇ ಬಂತು. ಹುರಿದ ಬಾರ್ಲಿಯಿಲ್ಲ, ಹಾಪ್ಸ್ ಹೂವಿನ ಕಿತ್ತಳೆ ಸಿಪ್ಪೆಯಂಥ ಕಹಿ ಘಮವಿಲ್ಲ, ಹುದುಗಿನ ಬೆಚ್ಚನೆ ಬ್ರೆಡ್ಡಿನ ವಾಸನೆಯಿಲ್ಲ. ಬೆರಳಿನಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡ. ಕಹಿ ಇದೆ, ಸ್ವಲ್ಪ ಸಿಹಿ ಇದೆ, ಹುಳಿ ಇಲ್ಲ. ನಾಲಿಗೆಗೆ ತಿಳಿಯುವುದು ಇಷ್ಟೇ, ಕತ್ತೆಯ ನಾಲಿಗೆಗೂ ಇಷ್ಟು ತಿಳಿಯುತ್ತದೆ. ಉಳಿದದ್ದೆಲ್ಲ ಮೂಗಿನ ಕೆಲಸ, ಆ ಮೂಗು ಫೆಬ್ರವರಿಯ ಜ್ವರದಲ್ಲಿ ಹೋಯಿತು. ಈಗ ಜೂನ್. ಊರಲ್ಲಿ ಒಬ್ಬರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಹೇಳಿದ ಮರುಕ್ಷಣ ಅವನು ಕುಂಟು ಕೊಕ್ಕರೆ ಪಬ್ಬಿನ ಯಜಮಾನನಾಗಿ ಉಳಿಯುವುದಿಲ್ಲ, ಲೋಟ ತೊಳೆಯುವ ಒಬ್ಬ ಮುದುಕನಾಗುತ್ತಾನೆ. ಅಂಥ ಅವನಿಗೆ ಇವತ್ತು ಮಧ್ಯಾಹ್ನ ಪ್ರಶಸ್ತಿ ಕೊಡುತ್ತಾರಂತೆ.

ಜ್ವರ ಇಳಿದ ಬೆಳಿಗ್ಗೆ ಡಿಲಿಸ್ ಹಂದಿಮಾಂಸ ಹುರಿದು ತಂದಿದ್ದಳು. ತಟ್ಟೆಯಲ್ಲಿ ಬಿಸಿ ಹೊಗೆ ಏಳುವುದು ಕಾಣುತ್ತಿತ್ತು, ಮೂಗಿಗೆ ಏನೂ ಮುಟ್ಟಲಿಲ್ಲ. ಬಾಯಿಗೆ ಹಾಕಿದರೆ ಉಪ್ಪು ಹಚ್ಚಿದ ಬಟ್ಟೆ ಅಗಿದಂತೆ. ಹೇಗಿದೆ ಎಂದು ಅವಳು ಕೇಳಿದಳು, ಚೆನ್ನಾಗಿದೆ ಎಂದ. ಅವತ್ತೇ ಹೇಳಿಬಿಡಬಹುದಿತ್ತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದುಕೊಂಡ. ಲುಡ್ಲೋ ಪಟ್ಟಣದ ಡಾಕ್ಟರು ಮೂಗಿಗೆ ಒಂದು, ಗಂಟಲಿಗೆ ಒಂದು ದೀಪ ಹಾಕಿ ನೋಡಿ, ಬಂದರೆ ಬಂದೀತು, ಬರದಿದ್ದರೆ ಇಲ್ಲ ಎಂದು ಹೇಳಿ ನಕ್ಕಿದ್ದ. ನಗುವುದಕ್ಕೆ ಅವನಪ್ಪನ ಗಂಟೇನು ಹೋಗುತ್ತದೆ. ಅವನಿಗೇನು ಗೊತ್ತು, ಈ ಬಿಯರು ಶೀಷೆಯ ಹೆಣವಲ್ಲ, ಪೀಪಾಯಿಯೊಳಗೆ ಜೀವ ಹಿಡಿದುಕೊಂಡು ಉಸಿರಾಡುವಂಥದ್ದು, ಅದರ ಪಕ್ಕ ಕೂತು ಹೊತ್ತುಹೊತ್ತಿಗೆ ಮೂಸಿ ನೋಡದಿದ್ದರೆ ಕೈಬಿಟ್ಟು ಹೋಗುವಂಥದ್ದು ಎಂದು. ಹಿಂದೊಮ್ಮೆ ಹಳೆಯ ಯಜಮಾನ ಹೋರೇಷಿಯೋ ಬೀವನ್ ಅಂಬ್ರೋಸನ ಕುತ್ತಿಗೆ ಹಿಡಿದು ಇದೇ ತೂತಿನ ಮೇಲೆ ಬಗ್ಗಿಸಿದ್ದ, ಏನು ಬರುತ್ತೆ ಹೇಳು ಎಂದಿದ್ದ. ಒದ್ದೆ ಹುಲ್ಲು ಎಂದಿದ್ದ ಅಂಬ್ರೋಸ್. ಇನ್ನೇನು ಎಂದು ಬೀವನ್ ಕೇಳಿದ. ಬೆಂಕಿಕಡ್ಡಿ ಗೀರಿದ ಹಾಗೆ ಏನೋ, ಒಂದು ಚೂರು. ಬೀವನ್ ಕೈ ಬಿಟ್ಟ. ನೀನು ಇಲ್ಲೇ ಇರು ಎಂದ. ಇಡೀ ಬದುಕಿನಲ್ಲಿ ಅಂಬ್ರೋಸನಿಗೆ ಸಿಕ್ಕ ಕೆಲಸದ ಪತ್ರ ಅದೊಂದೇ.

ಆ ಮೂಗಿಲ್ಲದೆ ಇಷ್ಟು ದಿನ ಹೇಗೋ ದೂಡಿದ್ದ. ಕಣ್ಣಿದೆ, ಲೋಟವನ್ನು ದೀಪಕ್ಕೆ ಹಿಡಿದು ಬಗ್ಗಡವಿದೆಯೋ ತಿಳಿಯಾಗಿದೆಯೋ ನೋಡುತ್ತಿದ್ದ. ಕಿವಿಯಿದೆ, ಬೆಣೆ ಸಡಿಲಿಸಿದಾಗ ಪೀಪಾಯಿ ಬುಸುಗುಡುವುದನ್ನು ಕೇಳುತ್ತಿದ್ದ. ಆದರೆ ಮೂಸಲಾಗದವನಿಗೆ ಎಲ್ಲದರ ಮೇಲೂ ಅನುಮಾನ. ನೆಲಮಾಳಿಗೆಯಿಂದ ಮೇಲಿನ ಕೈಪಂಪುಗಳಿಗೆ ಹೋಗುವ ಕೊಳವೆಯೊಳಗೆ ಏನಾದರೂ ಕೊಳೆತು ನಾರುತ್ತಿದ್ದರೆ? ವಾರಕ್ಕೊಮ್ಮೆ ಮದ್ದು ಹಾಕಿ ತೊಳೆಯುತ್ತಿದ್ದವನು ಈಗ ದಿನ ಬಿಟ್ಟು ದಿನ ತೊಳೆಯುತ್ತಿದ್ದ. ಮದ್ದು ಒಂದು ಮುಚ್ಚಳ ಸಾಕು ಎಂದಿದ್ದರೂ ಎರಡು ಸುರಿಯುತ್ತಿದ್ದ. ಮೊದಲು ಹೀಗೆ ತೊಳೆದ ಮೇಲೆ ನೀರು ಹಾಯಿಸಿ, ಮೂಸಿ, ಮದ್ದಿನ ಘಾಟು ಹೋಯಿತು ಅನ್ನಿಸಿದ ಮೇಲೆ ನಿಲ್ಲಿಸುತ್ತಿದ್ದ. ಈಗ ಕೈ ಸೋತಾಗ ನಿಲ್ಲಿಸುತ್ತಿದ್ದ. ಅಷ್ಟು ತೊಳೆದ ಮೇಲೂ ಯಾರೂ ಒಂದು ಮಾತು ಎತ್ತಲಿಲ್ಲ, ಅಂದರೆ ಎಲ್ಲ ಸರಿಯಾಗಿಯೇ ಇದೆ. ಮೇಲಿಂದ ಡಿಲಿಸ್, ಬಟ್ಟೆ ಬದಲಾಯಿಸ್ಕೋತೀಯೋ ಇಲ್ಲ ಹೀಗೇ ಬರ್ತೀಯೋ ಎಂದು ಕೂಗಿದಳು. ಅವನು ಬೆಣೆಯನ್ನು ಸುತ್ತಿಗೆಯಿಂದ ಬೇಕಾದ್ದಕ್ಕಿಂತ ಜೋರಾಗಿ ಬಡಿದ.

ಹನ್ನೆರಡು ದಾಟುವಾಗ ಜನ ಸೇರಿದರು. ಮಾರ್‌ಬ್ರುಕ್ ದೊಡ್ಡ ಹಳ್ಳಿಯಲ್ಲ, ಆದರೆ ಇವತ್ತು ಬೆಟ್ಟದ ಆಚೆಯ ಕುರಿ ಸಾಕುವವರೂ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದರು. ಕಿಟಕಿಯ ಪಕ್ಕ, ಜೆರೇನಿಯಂ ಕುಂಡದ ಹತ್ತಿರ, ಅಂಚೆ ಕಚೇರಿ ನಡೆಸುತ್ತಿದ್ದ ವಿಧವೆ ಪ್ರುಡೆನ್ಸ್ ತನ್ನ ಮಾಮೂಲಿ ಜಾಗದಲ್ಲಿ. ಒಲೆಯ ಪಕ್ಕ ಸಿರಿಲ್, ಬಸ್ಸು ಓಡಿಸಿ ನಿವೃತ್ತನಾದವನು, ಈಗಲೂ ಯಾರಾದರೂ ಒಳಗೆ ಬಂದರೆ ಟಿಕೆಟ್ ಕೇಳುವವನಂತೆ ನೋಡುತ್ತಾನೆ. ಬಂದವರೆಲ್ಲ ಅಂಬ್ರೋಸನ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಪ್ರತಿಯೊಂದು ಕೈಯನ್ನೂ ಹಿಡಿದು ತಿರುಚಬೇಕು ಅನ್ನಿಸಿತು ಅವನಿಗೆ. ಇವರಿಗೇನು, ಸ್ವಂತ ಮನೆಯಲ್ಲಿ ಮಗ ಪಾಸಾದಷ್ಟು ಸಂಭ್ರಮ. ಕೌಂಟಿಯ ಏಲ್‌ ಬಿಯರು ಪ್ರಿಯರ ಸಂಘದವರು ಕಳೆದ ಶರತ್ಕಾಲದಿಂದ ಗುಟ್ಟಾಗಿ ಬಂದು ಕುಡಿದು, ಜನವರಿಯಲ್ಲಿ ಕೂತು ತೀರ್ಮಾನ ಮಾಡಿ, ಕುಂಟು ಕೊಕ್ಕರೆಯನ್ನು ವರ್ಷದ ಹಳ್ಳಿ ಪಬ್ ಎಂದು ಆರಿಸಿದ್ದರು. ಜನವರಿಯಲ್ಲಿ. ಆಗ ಮೂಗಿತ್ತು. ಸತ್ತವನ ಹೆಸರಿಗೆ ಬಂದ ಪದಕವನ್ನು ಅವನ ಅಂಗಿ ಹಾಕಿಕೊಂಡು ಹೋಗಿ ತೆಗೆದುಕೊಳ್ಳುವ ಕೆಲಸ ಇದು ಅನ್ನಿಸಿತು.

ಸಂಘದ ಅಧ್ಯಕ್ಷೆ ಹಿಲರಿ ಕ್ರೌದರ್ ಹಸಿರು ಕೋಟಿನ ಎತ್ತರದ ಹೆಂಗಸು, ತಾಮ್ರದ ಫಲಕವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದಿದ್ದಳು. ಫೋಟೋ ತೆಗೆಯುವವನು ದಾರಿಯಲ್ಲಿದ್ದಾನೆ, ಅವನು ಬಂದ ಮೇಲೆ ಕೊಡೋಣ ಎಂದಳು. ಅಲ್ಲಿಯವರೆಗೆ ಸುಮ್ಮನಿರಬೇಕಿತ್ತು ತಾನೆ? ಇಲ್ಲ, ಅರ್ಧ ಲೋಟ ಬಿಯರು ಕೈಯಲ್ಲಿ ಹಿಡಿದು, ಇವತ್ತಿನದು ಹೇಗಿದೆ ನೀವೇ ವರ್ಣಿಸಿ ಯಜಮಾನ್ರೇ, ನಿಮ್ಮ ಬಾಯಿಂದ ಕೇಳ್ಬೇಕು ಎಂದಳು. ಎಲ್ಲರೂ ತಿರುಗಿದರು. ಅಂಬ್ರೋಸ್ ಲೋಟವೊಂದನ್ನು ಎತ್ತಿ, ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ ನಾಟಕ ಮಾಡಿದ. ಕೊಯ್ದ ಹುಲ್ಲು ಎಂದ. ಕಿತ್ತಳೆ ಮುರಬ್ಬ. ಮಳೆ ಬಿದ್ದ ಕಲ್ಲು. ಹೋದ ವರ್ಷ ಇದೇ ದಿನಗಳಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮಗ್ಗಿಯಂತೆ ಒಪ್ಪಿಸಿದ. ಹಿಲರಿ ಒಂದು ಗುಟುಕು ಕುಡಿದಳು, ಅವಳ ಕೆನ್ನೆಯ ಒಂದು ಸ್ನಾಯು ಎಳೆಯಿತು, ಆಮೇಲೆ ಅದ್ಭುತ ಎಂದಳು. ಈ ಮೂಗಿಗೆ ವಿಮೆ ಮಾಡಿಸ್ಬೇಕು ಎಂದು ಸಿರಿಲ್ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಅಗತ್ಯಕ್ಕಿಂತ ಒಂದು ಚೂರು ಹೆಚ್ಚು ಹೊತ್ತು. ಅಂಬ್ರೋಸನೂ ಹಲ್ಲು ಕಿರಿದ. ಕೌಂಟರಿನ ಕೆಳಗೆ ಅವನ ಎಡಗೈ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇತ್ತು.

ರೂಬೆನ್ ಪ್ರೈಸ್ ಬಂದದ್ದು ಆಗ. ಬೇಲಿ ಕಟ್ಟುವವನು, ತೋಳಿನ ತುಂಬ ಮುಳ್ಳಿನ ಗೀರು, ಹಬ್ಬವೋ ಹುಣ್ಣಿಮೆಯೋ ಎಂದು ಬಟ್ಟೆ ಬದಲಾಯಿಸುವ ಜಾತಿಯಲ್ಲ. ಫೆಬ್ರವರಿಯ ಕೊನೆಯಿಂದ ವೇಲ್ಸ್‌ ಕಡೆ ಯಾರದೋ ಜಮೀನಿನಲ್ಲಿ ಕೆಲಸ ಹಿಡಿದು ಹೋಗಿದ್ದವನು ನಿನ್ನೆ ಸಂಜೆಯಷ್ಟೇ ಊರಿಗೆ ಬಂದಿದ್ದ. ಅವನೂ ಅಂಬ್ರೋಸನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಓದದೆ ಹೊಡೆತ ತಿಂದವರು. ಬಂದವನೇ ಅಭಿನಂದನೆ ಅಂತ ಏನೂ ಹೇಳಲಿಲ್ಲ, ಹ್ಞಾಂ ಎಂದು ಗದ್ದ ಎತ್ತಿದ, ಅದೇ ಅವನ ಅಭಿನಂದನೆ. ಅಂಬ್ರೋಸ್ ಕೈಪಂಪು ಎಳೆದು ಲೋಟ ತುಂಬಿಕೊಟ್ಟ. ಆ ಹೊತ್ತಿನಲ್ಲಿ ಅವನಿಗೆ ಒಂದು ನಿಮಿಷ ಹಾಯೆನಿಸಿತು. ರೂಬೆನ್ ಲೋಟವನ್ನು ತುಟಿಗೆ ಒಯ್ದ, ಒಂದು ಗುಟುಕು ಕುಡಿದ, ನಿಂತ. ಇನ್ನೊಮ್ಮೆ ಮೂಸಿದ. ಆಮೇಲೆ ಜನರ ನಡುವಿನಿಂದ ಸರಿದು, ಕೌಂಟರಿನ ತುದಿಗೆ, ಗೋಡೆಯ ಮಗ್ಗುಲಿಗೆ ಹೋದ. ಆ ತುದಿಗೆ ಯಾಕೆ ಹೋಗುತ್ತಾರೆ ಎನ್ನುವುದು ಇಲ್ಲಿನ ಕೂಸಿಗೂ ಗೊತ್ತು.

ಈ ಕಡೆಯ ಪಬ್ಬುಗಳಲ್ಲಿ ಬಿಯರು ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ದಣಿದಿದೆ ಎನ್ನುತ್ತಾರೆ. ಅದನ್ನೂ ಕೌಂಟರಿನ ತುದಿಗೆ ಹೋಗಿ, ಲೋಟವನ್ನು ಮರದ ಮೇಲೆ ಇಟ್ಟು, ಪಕ್ಕದವನಿಗೂ ಕೇಳಿಸದಷ್ಟು ಮೆತ್ತಗೆ ಹೇಳಬೇಕು. ಯಜಮಾನನಾದವನು ವಾದ ಮಾಡಬಾರದು. ಮೂಸುತ್ತಾನೆ, ತಲೆಯಾಡಿಸುತ್ತಾನೆ, ಚೆಲ್ಲುತ್ತಾನೆ, ಬೇರೆಯದನ್ನು ತುಂಬಿಕೊಡುತ್ತಾನೆ. ಹೇಳಿದವನ ಮಾತಿಗೂ ಕೇಳಿದವನ ಮಾನಕ್ಕೂ ಏನೂ ಆಗುವುದಿಲ್ಲ. ಅಂಬ್ರೋಸನೇ ಎಷ್ಟು ಸಲ ಹೀಗೆ ಮಾಡಿದ್ದ, ಹೇಳಿದವನು ತಪ್ಪಾಗಿದ್ದಾಗಲೂ ಮಾಡಿದ್ದ. ಈಗ ಅವನು ತುದಿಗೆ ಹೋದ. ರೂಬೆನ್ ಲೋಟವನ್ನು ಇಟ್ಟು, ತಲೆ ತಗ್ಗಿಸಿಯೇ, "ದಣಿದಿದೆ ಕಣೋ" ಎಂದ.

ಅಂಬ್ರೋಸ್ ಮೂಸಿದ. ಗಾಳಿ. ಇನ್ನೊಮ್ಮೆ ಮೂಸಿದ. ಬರೀ ಗಾಳಿ. ದೀಪಕ್ಕೆ ಹಿಡಿದ, ಚಿನ್ನದ ಹಾಗೆ ತಿಳಿಯಾಗಿತ್ತು. ಇಂಥದ್ದನ್ನು ದಣಿದಿದೆ ಎನ್ನುತ್ತಾನಲ್ಲ. ಬೇಕೆಂದೇ ಅನ್ನುತ್ತಿದ್ದಾನೆ. ಇಂಥ ದಿನ ನೋಡಿಯೇ ಬಂದಿದ್ದಾನೆ, ಊರೆಲ್ಲ ಸೇರಿದಾಗ, ಆ ಹಸಿರು ಕೋಟಿನವಳು ನೋಡುತ್ತಿರುವಾಗ. ಹೊಟ್ಟೆಯುರಿ ಇವನಿಗೆ, ಹುಟ್ಟಿದಾಗಿನಿಂದ ಇತ್ತು. ಅಥವಾ ಇವನಿಗೆ ಗೊತ್ತು, ಮೂಗು ಹೋದದ್ದು ಗೊತ್ತು, ಪರೀಕ್ಷೆ ಮಾಡುತ್ತಿದ್ದಾನೆ, ಬಿಯರಿಗೆ ಏನೂ ಆಗದಿದ್ದರೂ ದಣಿದಿದೆ ಎಂದು ಹೇಳಿ ನಾನು ಏನು ಮಾಡುತ್ತೇನೋ ನೋಡುತ್ತಿದ್ದಾನೆ. ಹೌದೆಂದು ತಲೆಯಾಡಿಸಿದರೆ ಸಿಕ್ಕಿಬಿದ್ದೆ. ಏನೂ ಆಗಿಲ್ಲ ಎಂದ ಅಂಬ್ರೋಸ್. ಇನ್ನೊಂದ್ಸಲ ನೋಡು ಎಂದ ರೂಬೆನ್, ಅಷ್ಟೇ ಮೆತ್ತಗೆ. ಇನ್ನೊಂದು ಸಲವಂತೆ, ಮಗುವಿಗೆ ಲೆಕ್ಕ ಹೇಳಿಕೊಡುವವನ ದನಿ. ಅಂಬ್ರೋಸನಿಗೆ ತನ್ನ ದನಿ ತನಗೇ ದೂರದಿಂದ ಕೇಳಿಸಿತು.

"ನನ್ನ ಬಿಯರಿನಲ್ಲಿ ಏನಿದೆ ಅಂತ ಬೇಲಿ ಕಟ್ಟೋನು ನನಗೆ ಹೇಳ್ಬೇಕಾ?"

ಇಡೀ ಪಬ್ಬು ಕೇಳಿಸಿಕೊಂಡಿತು. ಮೆತ್ತಗೆ ಹೇಳಿದ ಮಾತಿಗೆ ಊರು ಕೇಳುವ ಹಾಗೆ ಉತ್ತರ ಕೊಟ್ಟವನು ತಾನೇ ಎನ್ನುವುದು ಅಂಬ್ರೋಸನಿಗೆ ಹೊಳೆಯಿತು, ಹೊಳೆದದ್ದರಿಂದ ಇನ್ನೂ ರೇಗಿತು. ರೂಬೆನ್ ಅವನನ್ನೇ ನೋಡುತ್ತ ನಿಂತಿದ್ದ. ಆ ನೋಟದಲ್ಲಿ ಹಂಗಿಸುವುದು ಏನಾದರೂ ಇದ್ದಿದ್ದರೆ ಒಳ್ಳೆಯದಿತ್ತು. "ಹೊರಟುಹೋಗು" ಎಂದ ಅಂಬ್ರೋಸ್. "ಇನ್ಮೇಲೆ ಈ ಹೊಸಿಲು ತುಳೀಬೇಡ. ಇವತ್ತಲ್ಲ, ನಾಳೆ ಅಲ್ಲ, ಯಾವತ್ತೂ."

ಇದನ್ನು ಯಜಮಾನ ಒಮ್ಮೆ ಜನರ ಮುಂದೆ ಹೇಳಿಬಿಟ್ಟರೆ ಮುಗಿಯಿತು. ಮಾರ್‌ಬ್ರುಕ್‌ನಲ್ಲಿ ಬೇರೆ ಪಬ್ಬಿಲ್ಲ, ಬೇರೆ ಬೆಂಕಿಯಿಲ್ಲ, ಸಂಜೆ ಹೊತ್ತು ಮನುಷ್ಯನ ಮುಖ ನೋಡಲು ಬೇರೆ ಜಾಗವಿಲ್ಲ. ರೂಬೆನ್ನನಿಗೆ ಮನೆಯಲ್ಲಿ ಮಾತಾಡುವ ಒಂದು ನರಪಿಳ್ಳೆಯೂ ಇಲ್ಲ. ಅವನು ಟೋಪಿ ಹಾಕಿಕೊಂಡ. ಯಾರನ್ನೂ ತಳ್ಳದೆ, ದಾರಿ ಕೇಳಿಕೊಂಡು, ಬಾಗಿಲು ದಾಟಿದ. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು. ಹವಾಮಾನ, ಉಣ್ಣೆಯ ರೇಟು, ಹಿಲರಿಯ ಫೋಟೋದವನು ದಾರಿ ತಪ್ಪಿದ್ದಾನೋ ಏನೋ. ನೀನು ಮಾಡಿದ್ದು ಸರಿ ಎಂದು ಸಿರಿಲ್ ಹೇಳಿದ, ಹೇಳುವಾಗ ಅಂಬ್ರೋಸನ ಮುಖ ನೋಡಲಿಲ್ಲ, ತನ್ನ ಲೋಟವನ್ನು ನೋಡಿದ. ಅಂಬ್ರೋಸನೂ ಆ ಲೋಟವನ್ನು ನೋಡಿದ. ತುಂಬಿತ್ತು. ಸಿರಿಲ್ ಬಂದು ಒಂದು ಗಂಟೆಯ ಮೇಲಾಗಿತ್ತು, ಒಂದು ಕಾಲದಲ್ಲಿ ಇಷ್ಟು ಹೊತ್ತಿಗೆ ಮೂರನೆಯದಕ್ಕೆ ಕೈ ಹಾಕುವವನು. ಅವನ ಪಕ್ಕದವನದೂ ತುಂಬಿತ್ತು. ಬೆಟ್ಟದ ಆಚೆಯವರ ಮೇಜಿನ ಮೇಲೆ ನಾಲ್ಕು ಲೋಟ, ನಾಲ್ಕೂ ತುಟಿ ಮುಟ್ಟಿದಷ್ಟೇ ಇಳಿದಿದ್ದವು, ಆಮೇಲೆ ಹಾಗೇ ನಿಂತುಬಿಟ್ಟಿದ್ದವು. ಹಿಲರಿಯ ಅರ್ಧ ಲೋಟ ಟವೆಲ್ಲಿನ ಮರೆಗೆ ಸರಿದಿತ್ತು. ಅವನ ಕಣ್ಣು ಕಿಟಕಿಯ ಕಡೆ ಹೋಯಿತು. ಪ್ರುಡೆನ್ಸ್ ಅತ್ತ ಇತ್ತ ನೋಡದೆ, ಚರ್ಚಿನಲ್ಲಿ ತೀರ್ಥ ಕೊಡುವವರ ಗಾಂಭೀರ್ಯದಿಂದ, ತನ್ನ ಲೋಟವನ್ನು ಜೆರೇನಿಯಂ ಕುಂಡಕ್ಕೆ ಬಗ್ಗಿಸುತ್ತಿದ್ದಳು. ಗಿಡ ಒಣಗಿ ಕಡ್ಡಿಯಾಗಿತ್ತು. ಯಾವಾಗ ಒಣಗಿತು ಅದು? ಡಿಲಿಸ್ ಅದಕ್ಕೆ ನೀರು ಹಾಕುವುದನ್ನು ಮರೆತಳು ಎಂದುಕೊಂಡು ಅವನು ಒಂದೆರಡು ಸಲ ಬೈದೂ ಇದ್ದ.

ಅವನು ಒಳಗೆ, ಪಾತ್ರೆ ತೊಳೆಯುವ ಕೋಣೆಗೆ ಹೋದ. ಡಿಲಿಸ್ ಹಂದಿಮಾಂಸದ ಕಡುಬುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಹಾಡು ನಿಂತಿತ್ತು. ಬಿಯರಿಗೆ ಏನಾಗಿದೆ ಎಂದು ಅವನು ಕೇಳಿದ. ಅವಳು ಇನ್ನೊಂದು ಕಡುಬು ಎತ್ತಿಟ್ಟಳು. ಡಿಲಿಸ್, ಬಿಯರಿಗೆ ಏನಾಗಿದೆ ಎಂದು ಮತ್ತೆ ಕೇಳಿದ, ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದ. ಅವಳು ಕೈ ಒರೆಸಿಕೊಂಡು ತಿರುಗಿದಳು. ಆಸ್ಪತ್ರೆ ವಾಸನೆ ಹೊಡಿಯುತ್ತೆ ಎಂದಳು, ಗಾಯಕ್ಕೆ ಹಚ್ಚೋ ಮದ್ದಿನ ವಾಸನೆ, ನೀನು ಕೊಳವೆಗೆ ಸುರೀತಿಯಲ್ಲ ಅದು, ಮಾರ್ಚಿಂದ. ಅವಳು ಅದನ್ನು ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಹಾಗಾದರೆ ಅವಳಿಗೆ ಗೊತ್ತಿತ್ತು. ಮೂಗಿನ ವಿಷಯ ಗೊತ್ತಿತ್ತಾ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ, ಯಾವಾಗಿಂದ ಎಂದಷ್ಟೇ ಕೇಳಿದ.

"ನಾನು ಸೆಂಟು ಹಾಕ್ಕೋತಾ ಇದೀನಿ ಅಂಬ್ರೋಸ್" ಎಂದಳು ಡಿಲಿಸ್. "ಮೂರು ತಿಂಗಳಾಯ್ತು. ದಿನಾ ಹಾಕ್ಕೋತೀನಿ. ಒಂದು ದಿನಾನೂ ನೀನು ಬೈಲಿಲ್ಲ."

ಮದುವೆಯಾದ ವಾರವೇ ಅವಳ ಸೆಂಟಿನ ಶೀಷೆಯನ್ನು ಹಿತ್ತಲಿಗೆ ಎಸೆದಿದ್ದ ಅವನು, ಇದನ್ನು ಬಳಿದುಕೊಂಡವಳು ನನ್ನ ಬಿಯರಿನ ಹತ್ತಿರ ಸುಳಿಯಬಾರದು ಎಂದಿದ್ದ. ಅಂದಿನಿಂದ ಅವಳು ಸೋಪನ್ನು ಕೂಡ ವಾಸನೆಯಿಲ್ಲದ್ದೇ ನೋಡಿ ತರುತ್ತಿದ್ದಳು. ಒಬ್ಬ ಮದುಮಗಳ ಅತ್ತೆಯನ್ನು ಘಮಘಮಿಸಿಕೊಂಡು ಬಂದಳೆಂದು ಮೆಟ್ಟಿಲಿನಿಂದಲೇ ವಾಪಸ್ಸು ಕಳಿಸಿದ ಕತೆ ಮೂರು ಊರು ತಿರುಗಿತ್ತು. ಮೊದಲ ದಿನ ಪರೀಕ್ಷೆಗೆ ಅಂತ ಹಾಕಿಕೊಂಡೆ ಎನ್ನುತ್ತಿದ್ದಳು ಅವಳು, ನೀನು ಏನೂ ಅನ್ನಲಿಲ್ಲ, ಮಾರನೆಯ ದಿನ ಜಾಸ್ತಿ ಹಾಕಿಕೊಂಡೆ, ನೀನು ನನ್ನ ಪಕ್ಕ ಕೂತು ರೊಟ್ಟಿ ತಿಂದೆ. ಆಮೇಲೆ ರಾತ್ರಿಯಿಡೀ ಅಳುತ್ತಿದ್ದೆ. ಆಮೇಲೆ ಹಾಗೇ ಹಾಕಿಕೊಳ್ಳುತ್ತ ಹೋದೆ. ಯಾಕೆ ಹಾಕಿಕೊಳ್ಳಬಾರದು? ಅವಳ ದನಿಯಲ್ಲಿ ಅವನು ಯಾವತ್ತೂ ಕೇಳದ ಒಂದು ಗಡಸು ಇತ್ತು. ಅಂಬ್ರೋಸನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅವಳು ಸೆಂಟು ಹಾಕಿಕೊಂಡು ದಿನಾ ಬೆಳಿಗ್ಗೆ ಸಂಜೆ ಈ ಮೇಜುಗಳ ನಡುವೆ ಓಡಾಡಿದ್ದಾಳೆ. ಸಿರಿಲ್‌ನ ಮೂಗಿನ ಮುಂದೆ ತಟ್ಟೆ ಇಟ್ಟಿದ್ದಾಳೆ. ಪ್ರುಡೆನ್ಸ್ ಮೊದಲ ದಿನವೇ ಹುಬ್ಬು ಹಾರಿಸಿರುತ್ತಾಳೆ. ಡಿಲಿಸ್ ಸೆಂಟು ಹಾಕಿಕೊಂಡಳು, ಅಂಬ್ರೋಸ್ ಸುಮ್ಮನಿದ್ದಾನೆ, ಅಂದರೆ. ಡಂಗುರ ಹೊಡೆಸುವ ಅಗತ್ಯವೇ ಇರಲಿಲ್ಲ. ಇಡೀ ಊರು ಅವನ ಕಣ್ಣೆದುರಿಗೇ ಮೂಸಿ ತಿಳಿದುಕೊಂಡಿತ್ತು.

"ಅವರಿಗೆ ನೀನೇನು ಹೇಳ್ದೆ?"

ಏನೂ ಅನ್ನಬೇಡಿ ಅಂತ ಹೇಳಿದೆ ಎಂದಳು. ಪ್ರಶಸ್ತಿ ಬರುವವರೆಗೆ ಸುಮ್ಮನಿರಿ, ಪಾಪ, ಅಂತ ಹೇಳಿದೆ. ಪಾಪ ಎಂಬ ಆ ಮಾತು ಅವನ ಎದೆಗೆ ಒದ್ದಂತಾಯಿತು. ಇಷ್ಟು ದಿನ ಇವರೆಲ್ಲ ಬಂದು, ಕಾಸು ಕೊಟ್ಟು, ಮದ್ದಿನ ನೀರು ಮುಂದಿಟ್ಟುಕೊಂಡು ಕೂತು, ಚೆನ್ನಾಗಿದೆ ಎಂದು ಹೇಳಿ, ಅವನು ಬೆನ್ನು ತಿರುಗಿಸಿದಾಗ ಗಿಡಕ್ಕೆ ಸುರಿದು ಹೋಗಿದ್ದಾರೆ. ಕಾಯಿಲೆಯವನನ್ನು ನೋಡಲು ಬಂದವರು. ಅವನು ಯಜಮಾನನಾಗಿ ಕೌಂಟರಿನ ಹಿಂದೆ ನಿಂತಿದ್ದೇನೆ ಎಂದುಕೊಂಡಿದ್ದ, ಇವರು ಅವನನ್ನು ಹಾಸಿಗೆಯಲ್ಲಿ ಮಲಗಿಸಿ ಸುತ್ತ ಕೂತಿದ್ದರು. ಒಬ್ಬನಿಗಾದರೂ ಬಯ್ಯುವಷ್ಟು ಮರ್ಯಾದೆ ಇರಬಾರದಿತ್ತೇ. ರೂಬೆನ್ನನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅವನು ಊರಲ್ಲಿರಲಿಲ್ಲವಲ್ಲ ಎಂದಳು ಡಿಲಿಸ್. ನಿನ್ನೆ ಸಂಜೆ ಹೇಳಿದೆ, ಅವನು ಸುಮ್ಮನಿರೋಕೆ ಆಗಲ್ಲ ಅಂದ.

ಅಂಬ್ರೋಸ್ ಹಿತ್ತಲ ಬಾಗಿಲಿನಿಂದ ಹೊರಗೆ ಬಂದ. ಬಿಸಿಲು ಕಣ್ಣಿಗೆ ಹೊಡೆಯಿತು. ಚರ್ಚಿನ ಅಂಗಳದ ಮೋಟು ಗೋಡೆಯ ಮೇಲೆ ರೂಬೆನ್ ಕೂತು, ಜೇಬಿನಲ್ಲಿದ್ದ ಬ್ರೆಡ್ಡು ಚೀಸು ಬಿಚ್ಚಿ, ಚಾಕುವಿನಿಂದ ಕೊಯ್ದು ತಿನ್ನುತ್ತಿದ್ದ. ಅಲ್ಲಿಂದ ಪಬ್ಬಿನ ಬಾಗಿಲು ನೇರ ಕಾಣುತ್ತದೆ. ಮನೆಗೆ ಹೋಗದೆ ಇಲ್ಲಿ ಯಾಕೆ ಕೂತಿದ್ದಾನೆ, ತನ್ನನ್ನು ನೋಡಿ ನಗಲಿಕ್ಕಾ ಎಂದುಕೊಂಡೇ ಅಂಬ್ರೋಸ್ ಹುಲ್ಲು ದಾಟಿದ. ಮುಂದೆ ಹೋಗಿ ನಿಂತ ಮೇಲೆ ಏನು ಹೇಳಬೇಕು ಎನ್ನುವುದು ತಿಳಿಯಲಿಲ್ಲ. ಎದುರಿಗೆ ಚೀಸಿನ ತುಂಡು, ಅವನಿಗೆ ಗೊತ್ತಿದ್ದ ಹಾಗೆ ಇಡೀ ಕೌಂಟಿಯಲ್ಲೇ ಹೆಚ್ಚು ನಾರುವ ಚೀಸು. ಅವನಿಗೆ ಬಿಳಿಯ ಮೇಣದ ತುಂಡಿನಂತೆ ಕಂಡಿತು.

"ನನಗೆ ವಾಸನೆ ಬರಲ್ಲ ರೂಬೆನ್" ಎಂದ. ಜ್ವರ ಬಂದ ಮೇಲೆ ಊರಿನವನೊಬ್ಬನಿಗೆ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು. ಹೇಳಿದ್ದೇ ತಡ ಸಿಟ್ಟು ಇನ್ನೂ ಹೆಚ್ಚಾಯಿತು.

ರೂಬೆನ್ ಅಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಡಿಲಿಸ್ ಹೇಳಿದ್ಲು."

"ಗೊತ್ತಿದ್ದೂ ನನ್ನ ಮುಂದೆ ತಂದಿಟ್ಟೆ. ಮೂಸು ಅಂದೆ. ಎಲ್ಲರ ಎದುರಿಗೆ ಮೂಸು ಅಂದೆ, ನಿನ್ನ ಮನೆ ಹಾಳಾಗ."

"ಎಲ್ಲರ ಎದುರಿಗೆ ಅನ್ಲಿಲ್ಲ. ತುದಿಗೆ ಹೋಗಿ ಅಂದೆ." ರೂಬೆನ್ ಚಾಕುವನ್ನು ಪ್ಯಾಂಟಿಗೆ ಒರೆಸಿದ. "ಬಿಯರು ದಣಿದ್ರೆ ಯಜಮಾನನಿಗೆ ಹೇಳ್ಬೇಕು. ನಿನಗಲ್ಲದೆ ಇನ್ಯಾರಿಗೆ ಹೇಳ್ಲಿ? ನಿನ್ನ ಹೆಂಡ್ತಿಗಾ? ಆ ಜೆರೇನಿಯಂ ಗಿಡಕ್ಕಾ?"

ಇವನ ಕೆನ್ನೆಗೆ ಹೊಡೆಯಬೇಕು, ಇವನ ಕಾಲ ಬಳಿ ಕೂತುಕೊಳ್ಳಬೇಕು, ಎರಡೂ ಒಟ್ಟಿಗೆ ಅಂಬ್ರೋಸನಿಗೆ ಅನ್ನಿಸಿತು, ಎರಡನ್ನೂ ಮಾಡಲಿಲ್ಲ. ಬಾ ಒಳಗೆ ಎಂದ. ಆಜ್ಞೆಯ ದನಿಯಲ್ಲೇ ಬಂತು ಅದು, ಬೇರೆ ದನಿ ಅವನಿಗೆ ಬರುವುದಿಲ್ಲ. ರೂಬೆನ್ ಬ್ರೆಡ್ಡಿನ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಬರೋದಿಲ್ಲ ಎಂದ. ಊರ ಮುಂದೆ ಹೊರಗೆ ಹಾಕಿದೀಯ, ಯಜಮಾನನ ಮಾತು ಅಂದ್ರೆ ಮಾತು, ಗೋಡೆ ಹತ್ರ ಬಂದು ಪಿಸುಗುಟ್ಟಿ ವಾಪಸ್ಸು ತಗೊಳ್ಳೋದಕ್ಕೆ ಅದೇನು ಹರಟೆಯಾ? ಒಳಗೆ ಹೇಳಿದ್ದನ್ನ ಒಳಗೇ ವಾಪಸ್ಸು ತಗೋ. ಹೋಗು, ಫೋಟೋದವನು ಬಂದ ನೋಡು. ನಿಜವಾಗಿಯೂ ಒಂದು ನೀಲಿ ಕಾರು ಪಬ್ಬಿನ ಮುಂದೆ ನಿಂತಿತ್ತು, ಒಬ್ಬ ಬೋಳುತಲೆಯವನು ಅದರಿಂದ ಕ್ಯಾಮೆರಾ ಇಳಿಸುತ್ತಿದ್ದ. ಅಂಬ್ರೋಸ್ ಹುಲ್ಲು ದಾಟಿ ಹಿಂತಿರುಗಿದ.

ಒಳಗೆ ಕಾಲಿಟ್ಟದ್ದೇ ಚಪ್ಪಾಳೆ. ಹಿಲರಿ ಟವೆಲ್ಲು ಬಿಚ್ಚಿದಳು, ಫಲಕ ಹೊಳೆಯಿತು. ಲೋಟ ಎತ್ತಿ ಎಲ್ಲರೂ, ಎತ್ತಿ ಎಂದು ಫೋಟೋದವನು ಕೈ ಬೀಸಿದ. ಎಲ್ಲರೂ ತಮ್ಮ ತುಂಬಿದ ಲೋಟಗಳನ್ನು ಎತ್ತಿದರು, ನಗು ತಂದುಕೊಂಡರು. ಪ್ರುಡೆನ್ಸ್ ಖಾಲಿ ಲೋಟ ಎತ್ತಿದಳು. ಯಜಮಾನ್ರು ಕೌಂಟರಿನ ಹಿಂದೆ, ಪಂಪು ಹಿಡಕೊಂಡು, ಹಾಂ ಎಂದ ಫೋಟೋದವನು. ಅಂಬ್ರೋಸ್ ಕೌಂಟರಿನ ಹಿಂದೆ ಹೋದ. ನಾಲ್ಕು ಕೈಪಂಪುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಎದೆಯ ಮೇಲೂ ಆಯಾ ಬಿಯರಿನ ಹೆಸರು ಬರೆದ ಬಿಲ್ಲೆ, ಜನರ ಕಡೆಗೆ ಮುಖ ಮಾಡಿ. ಪೀಪಾಯಿ ಬರಿದಾದಾಗ, ಇಲ್ಲವೇ ಅದರಲ್ಲಿರುವುದು ಕುಡಿಯಲು ಯೋಗ್ಯವಲ್ಲದಾಗ, ಯಜಮಾನ ಆ ಬಿಲ್ಲೆಯನ್ನು ಹಿಂದುಮುಂದು ತಿರುಗಿಸುತ್ತಾನೆ. ತಿರುಗಿಸಿದ ಮೇಲೆ ಆ ಪಂಪಿನಿಂದ ದೊರೆಯೇ ಬಂದು ಕೇಳಿದರೂ ಒಂದು ಹನಿ ಸಿಗುವುದಿಲ್ಲ. ಬಾಗಿಲು ತೆರೆದಿರುವ ಹೊತ್ತಿನಲ್ಲಿ ನಾಲ್ಕೂ ಬಿಲ್ಲೆಗಳು ತಿರುಗಿದ್ದನ್ನು ಮಾರ್‌ಬ್ರುಕ್‌ನಲ್ಲಿ ಬದುಕಿರುವ ಯಾರೂ ನೋಡಿರಲಿಲ್ಲ.

ಅಂಬ್ರೋಸ್ ಮೊದಲನೆಯದನ್ನು ತಿರುಗಿಸಿದ. ಫೋಟೋದವನಿಗೆ ಅರ್ಥವಾಗಲಿಲ್ಲ, ಅದು ಚೆನ್ನಾಗಿ ಕಾಣ್ತಾ ಇತ್ತಲ್ಲ ಎಂದ. ಎರಡನೆಯದನ್ನು ತಿರುಗಿಸಿದ. ಎತ್ತಿದ ಲೋಟಗಳು ಮೆಲ್ಲಗೆ ಇಳಿಯತೊಡಗಿದವು. ಮೂರನೆಯದರ ಬಿಲ್ಲೆ ಬಿಗಿಯಾಗಿತ್ತು, ಎರಡು ಕೈಯಲ್ಲೂ ಹಿಡಿದು ತಿರುಚಬೇಕಾಯಿತು. ಎಲ್ಲರೂ ನೋಡುತ್ತಿದ್ದರು, ನೋಡಲಿ, ಹಾಳಾಗಿ ಹೋಗಲಿ. ನಾಲ್ಕನೆಯದು. ಆಮೇಲೆ ಅವನು ತಲೆಯೆತ್ತಿದ. ಹಿಲರಿ ಫಲಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು, ಕೊಡಬೇಕೋ ಬೇಡವೋ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಟ್ಟೆ ಹಿಡಿದುಕೊಂಡು ಡಿಲಿಸ್ ಒಳಬಾಗಿಲಲ್ಲಿ ನಿಂತಿದ್ದಳು.

"ನನಗೆ ಮೂಗಿಲ್ಲ" ಎಂದ ಅಂಬ್ರೋಸ್. "ಜ್ವರ ಬಂದಾಗ ಹೋಯ್ತು. ನಿಮಗೆಲ್ಲ ಗೊತ್ತಿತ್ತು. ನನಗೆ ಮೂಗಿರಲಿಲ್ಲ, ಸರಿ. ನಿಮಗೇನಾಗಿತ್ತು ಧಾಡಿ?"

ಕೊನೆಗೆ ಸಿರಿಲ್ ಗಂಟಲು ಸರಿಮಾಡಿಕೊಂಡ, ಮುಖ ಕೆಂಪಾಗಿತ್ತು. "ನಾವು ನಿನ್ನ ಸ್ನೇಹಿತರು ಕಣಯ್ಯ. ನಿನಗೆ ಬೇಜಾರಾಗಬಾರದು ಅಂತ."

"ನನ್ನ ಸ್ನೇಹಿತ ಅಲ್ಲಿ ಗೋಡೆ ಮೇಲೆ ಕೂತಿದಾನೆ" ಎಂದ ಅಂಬ್ರೋಸ್. "ಅವನನ್ನ ಹೊರಗೆ ಹಾಕಿದ್ದು ತಪ್ಪಾಯ್ತು ಅಂತ ನಿಮ್ಮೆಲ್ಲರ ಮುಂದೆ ಹೇಳ್ತಾ ಇದೀನಿ. ಯಾರಾದ್ರೂ ಎದ್ದು ಹೋಗಿ ಕೇಳಿ, ಒಳಗೆ ಬರ್ತಾನಾ ಅಂತ."

ಕುರ್ಚಿಗಳು ಕಿರುಗುಟ್ಟಿದವು, ಯಾರೂ ಏಳಲಿಲ್ಲ. ಡಿಲಿಸ್ ತಟ್ಟೆಯನ್ನು ಕೌಂಟರಿನ ಮೇಲೆ ಇಟ್ಟಳು. ಏಪ್ರನ್ ಬಿಚ್ಚಿ ಅದರ ಪಕ್ಕದಲ್ಲಿ ಹಾಕಿದಳು. ಗಂಡನ ಮುಖ ನೋಡದೆ, ಮೇಜುಗಳ ನಡುವಿನಿಂದ ನಡೆದು, ಬಾಗಿಲು ತೆರೆದು 'ರೂಬೆನ್' ಎಂದು ಕೂಗಿದಳು.